ಸೂಜಿಗೆ ಸ್ಥಳೀಯ, ಉಯ್ಯಾಲೆಗೆ ಪರದೇಶಿ

ಡಿಸ್ನಿಲ್ಯಾಂಡ್‌ಗೆ ಬಾಗಿಲು ಹಾಕಿ ಅಭ್ಯಾಸವೇ ಇರಲಿಲ್ಲ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನ ಕಿತ್ತಲೆ ತೋಟಗಳ ನಡುವೆ ಶುರುವಾದ ಮೇಲೆ ಅದು ಹಠಾತ್ತಾಗಿ ಮುಚ್ಚಿದ ದಿನಗಳನ್ನು ಬೆರಳು ಮಡಿಸಿ ಎಣಿಸಬಹುದು. ಕೆನಡಿ ಹತ್ಯೆಯಾದಾಗ ಒಮ್ಮೆ, 1994ರಲ್ಲಿ ನಾರ್ತ್‌ರಿಜ್ ಭೂಕಂಪವಾದಾಗ ಒಮ್ಮೆ, 2001ರ ಸೆಪ್ಟೆಂಬರ್ 11ರಂದು ಒಮ್ಮೆ. ಪ್ರತಿ ಸಲವೂ ಅಮೆರಿಕ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮಿಕ್ಕಿ ಮೌಸ್ ಮತ್ತೆ ಕೈಬೀಸುತ್ತ ನಿಂತಿದ್ದ. 2020ರ ಮಾರ್ಚ್ 14ರಂದು ಕೊರೊನಾದಿಂದಾಗಿ ಮುಚ್ಚಿದಾಗಲೂ ಈ ತಿಂಗಳ ಕೊನೆಯವರೆಗೆ ಮಾತ್ರ ಎಂದು ಹೇಳಿಯೇ ಮುಚ್ಚಿದರು. ತೆರೆದದ್ದು 2021ರ ಏಪ್ರಿಲ್ 30ಕ್ಕೆ. ನಡುವೆ 412 ದಿನ.

ಆ ದಿನಗಳಲ್ಲಿ ಬಹುಪಾಲನ್ನು ನಾನು ಅಲ್ಲಿಂದ ಅರ್ಧ ಗಂಟೆ ದಾರಿಯ ಅರ್ವೈನ್ ಎಂಬ ಊರಿನಲ್ಲಿ, ಮಗಳ ಮನೆಯ ಸೋಫಾದ ಮೇಲೆ ಕಳೆದೆ. ಸಂಕ್ರಾಂತಿಯ ಎಳ್ಳು ಬೀರಿ ಮೈಸೂರು ಬಿಟ್ಟವರು ನಾವು, ನಾನೂ ನನ್ನ ಹೆಂಡತಿಯೂ. ಯುಗಾದಿಗೆ ಮೊಮ್ಮಗಳ ಜೊತೆ ಡಿಸ್ನಿಲ್ಯಾಂಡ್, ಮಾವಿನಹಣ್ಣಿನ ಹೊತ್ತಿಗೆ ವಾಪಸು ಎಂಬುದು ಲೆಕ್ಕ. ಆ ವರ್ಷದ ಯುಗಾದಿಯ ದಿನವೇ ಭಾರತ ಪೂರ್ತಿ ಲಾಕ್‌ಡೌನ್ ಆಯಿತು. ವಿಮಾನಗಳು ಅದಕ್ಕೂ ಮೊದಲೇ ನಿಂತಿದ್ದವು. ಈ ದೇಶದಲ್ಲಿ ಬೇವು ಸಿಗುವುದಿಲ್ಲವಲ್ಲ ಎಂದು ಹೆಂಡತಿ ಒಂದು ವಾರದಿಂದ ಕೊರಗುತ್ತಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಮೇ ತಿಂಗಳಲ್ಲಿ, ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹೊರಟವು. ಈ ವಯಸ್ಸಿನಲ್ಲಿ ಅಷ್ಟು ಗಂಟೆ ಅಷ್ಟು ಜನರ ಉಸಿರಿನ ನಡುವೆ ಕೂರುವುದು ಬೇಡ ಎಂದು ಮಗಳು ತಡೆದಳು. ವೀಸಾ ವಿಸ್ತರಣೆಗೆ ಒಂದು ಅರ್ಜಿ, ಅದಕ್ಕೆ ಉತ್ತರ ಬರುವುದರೊಳಗೆ ಇನ್ನೊಂದು ಅರ್ಜಿ. ಹೀಗೆ ಅತಿಥಿಯೂ ಅಲ್ಲದ ಮನೆಯವನೂ ಅಲ್ಲದ ಸ್ಥಿತಿಯಲ್ಲಿ, ಅಳಿಯನ ಝೂಮ್ ಮೀಟಿಂಗಿನ ಹಿನ್ನೆಲೆಯಲ್ಲಿ ಪಂಚೆ ಕಾಣದಂತೆ ಓಡಾಡುವ ಕಲೆಯನ್ನು ಕಲಿತೆ.

ಮೊಮ್ಮಗಳಿಗೆ ಆಗ ಏಳು ವರ್ಷ. ಅವಳ ಪಾಲಿಗೆ ಇಡೀ ಮಹಾಮಾರಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: “ತಾತ, ಯಾವಾಗ ಓಪನ್ನು?” ಅಪ್ಪ ಅಮ್ಮ ಲ್ಯಾಪ್‌ಟಾಪಿನಿಂದ ತಲೆ ಎತ್ತುತ್ತಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಪೇಪರು ಬೇಡ. ಹೀಗಾಗಿ ಡಿಸ್ನಿಲ್ಯಾಂಡ್ ಯಾವಾಗ ತೆರೆಯುತ್ತದೆಂದು ಮುನ್ನುಡಿಯುವ ಹುದ್ದೆ ನನಗೆ ಬಂತು. ಹುದ್ದೆಗೆ ನಾನು ಅನರ್ಹನೇನಲ್ಲ. ಬ್ಯಾಂಕಿನಲ್ಲಿ ಸೇವೆ ಮುಗಿಸಿದವನಿಗೆ ಸುತ್ತೋಲೆ ಓದುವುದು ಕೆಲಸವಾಗಿ ಉಳಿದಿರುವುದಿಲ್ಲ, ಚಟವಾಗಿರುತ್ತದೆ. ಕ್ಯಾಲಿಫೋರ್ನಿಯಾ ಸರ್ಕಾರ ಆ ಚಟಕ್ಕೆ ಧಾರಾಳವಾಗಿ ಬಡಿಸಿತು.

2020ರ ಆಗಸ್ಟಿನಲ್ಲಿ ಅವರು ಬಣ್ಣಗಳ ಪಟ್ಟಿಯೊಂದನ್ನು ಹೊರಡಿಸಿದರು. ನೇರಳೆ, ಕೆಂಪು, ಕಿತ್ತಲೆ, ಹಳದಿ. ಲಕ್ಷ ಜನರಲ್ಲಿ ದಿನಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಹೊಸದಾಗಿ ಸೋಂಕು ತಗುಲುತ್ತಿದ್ದರೆ ಆ ಕೌಂಟಿ ನೇರಳೆ. ಒಬ್ಬನಿಗಿಂತ ಕಡಿಮೆಯಾದರೆ ಹಳದಿ. ದೊಡ್ಡ ಥೀಮ್ ಪಾರ್ಕುಗಳು ಹಳದಿ ಬಂದ ಮೇಲೆಯೇ ತೆರೆಯತಕ್ಕದ್ದು ಎಂದು ಅಕ್ಟೋಬರಿನಲ್ಲಿ ಆಜ್ಞೆಯಾಯಿತು. ನಾನು ಪೆನ್ಸಿಲ್ ತೆಗೆದು ಲೆಕ್ಕ ಹಾಕಿದೆ. ಡಿಸ್ನಿಲ್ಯಾಂಡ್ ಇರುವ ಆರೆಂಜ್ ಕೌಂಟಿಯ ಜನಸಂಖ್ಯೆ 30 ಲಕ್ಷದ ಮೇಲೆ. ಅಷ್ಟು ಜನರಲ್ಲಿ ದಿನಕ್ಕೆ ಮೂವತ್ತು ಚಿಲ್ಲರೆ ಮಂದಿಗೆ ಮಾತ್ರ ಸೋಂಕು ತಗುಲಬೇಕು. ಅಷ್ಟು ಶಿಸ್ತಿನ ವೈರಸ್ಸು ಎಲ್ಲಿ ಸಿಗುತ್ತದೆ? ಮೊಮ್ಮಗಳು ನಾಲ್ಕು ಬಣ್ಣದ ಕ್ರೆಯಾನು ಹಿಡಿದು ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದಳು. ಡಿಸೆಂಬರ್ ಹೊತ್ತಿಗೆ ಆಸ್ಪತ್ರೆಗಳು ತುಂಬಿಹೋದವು. ಅವಳ ನೇರಳೆ ಕ್ರೆಯಾನು ಸವೆದು ಮೋಟಾಯಿತು.

ಡಿಸ್ನಿ ಕಂಪನಿಯವರೂ ಸುಮ್ಮನೆ ಕೂತಿರಲಿಲ್ಲ. ಅದರ ಹಿರಿಯ ಯಜಮಾನ ಬಾಬ್ ಐಗರ್, ಗವರ್ನರ್ ನ್ಯೂಸಮ್ ರಚಿಸಿದ್ದ ಆರ್ಥಿಕ ಚೇತರಿಕೆ ಸಮಿತಿಯಿಂದ ಅಕ್ಟೋಬರಿನಲ್ಲಿ ಹೊರನಡೆದರು. ಅದಕ್ಕೆ ಸ್ವಲ್ಪ ಮೊದಲು 28,000 ನೌಕರರನ್ನು ತೆಗೆಯುವುದಾಗಿ ಕಂಪನಿ ಪ್ರಕಟಿಸಿತ್ತು. ಆ ಸುದ್ದಿಯನ್ನು ಮೊಮ್ಮಗಳಿಗೆ ಓದಿ ಹೇಳಲಿಲ್ಲ. ರಾಜಕುಮಾರಿಯರಿಗೂ ಸಂಬಳ ಇರುತ್ತದೆ, ಅದು ನಿಲ್ಲಲೂಬಹುದು ಎಂದು ಏಳನೇ ವಯಸ್ಸಿನಲ್ಲೇ ತಿಳಿಯಬೇಕಾದ ತುರ್ತೇನಿಲ್ಲ.

ತಮಾಷೆಯೆಂದರೆ ಇದೇ ಕಂಪನಿಯ ಫ್ಲಾರಿಡಾದ ಅಂಗಡಿ ಜುಲೈ 11ಕ್ಕೇ ತೆರೆದುಬಿಟ್ಟಿತ್ತು. ಒಂದೇ ದೇಶ, ಒಂದೇ ಇಲಿ, ಎರಡು ರಾಜ್ಯ, ಎರಡು ಶಾಸ್ತ್ರ. ಅಲ್ಲಿ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರು. ತಿನ್ನುವಾಗ ಮಾಸ್ಕ್ ತೆಗೆಯಬಹುದು, ಆದರೆ ತಿನ್ನುತ್ತ ನಡೆಯಕೂಡದು. ನಿಂತಲ್ಲೇ ನಿಂತು ತಿನ್ನಬೇಕು. ನಡೆಯುತ್ತ ತಿನ್ನಬಾರದೆಂದು ನಮ್ಮಜ್ಜಿ ಹೇಳುತ್ತಿದ್ದದ್ದಕ್ಕೆ ವೈಜ್ಞಾನಿಕ ಆಧಾರ ಹುಟ್ಟಿದ್ದು ಹೀಗೆ. ಇನ್ನೂ ಸೊಗಸಾದದ್ದು ಫೋಟೋದ ಸಂಗತಿ. ರೋಲರ್ ಕೋಸ್ಟರ್ ಕೆಳಕ್ಕೆ ಧುಮುಕುವಾಗ ಕ್ಯಾಮೆರಾ ತಾನೇ ತಾನಾಗಿ ನಮ್ಮ ಮುಖ ತೆಗೆಯುತ್ತದಲ್ಲ, ಆ ಗಳಿಗೆಯಲ್ಲಿ ಮಾಸ್ಕ್ ಕೆಳಗಿಳಿಸಿದವರಿಗೆ ಫೋಟೋ ಕೊಡುವುದಿಲ್ಲ ಎಂದರು. ಒಂದಷ್ಟು ದಿನ ಮಾಸ್ಕ್ ಇಲ್ಲದ ಮುಖಕ್ಕೆ ಕಂಪ್ಯೂಟರಿನಲ್ಲೇ ಮಾಸ್ಕ್ ಬರೆದು ಕೊಡುವ ಪ್ರಯೋಗವನ್ನೂ ಮಾಡಿದರು. ಬರೆದ ಮಾಸ್ಕಿಗೆ ವೈರಸ್ ಹೆದರಿತೋ ಇಲ್ಲವೋ, ಪ್ರಯೋಗವನ್ನಂತೂ ಕೈಬಿಟ್ಟರು.

ಆದರೆ ಈ ವಿದ್ಯೆಯಲ್ಲಿ ಪರಮಾವಧಿ ತಲುಪಿದವರು ಜಪಾನಿನವರು. ಅಲ್ಲಿನ ಪಾರ್ಕುಗಳ ಸಂಘಗಳು 2020ರ ಮೇ ಕೊನೆಗೆ ಹೊರಡಿಸಿದ ಸೂಚನೆಗಳಲ್ಲಿ, ರೈಡುಗಳ ಮೇಲೆ ಕಿರುಚುವುದನ್ನು ತಪ್ಪಿಸಿ ಎಂಬುದೂ ಒಂದು. ಕಿರುಚಿದರೆ ಎಂಜಲು ಹಾರುತ್ತದೆ, ಎಂಜಲಿನ ಜೊತೆ ಕೊರೊನಾ. ಅದು ಹೇಗೆ ಸಾಧ್ಯ ಎಂದು ಜನ ಗೊಣಗಿದಾಗ ಫ್ಯೂಜಿ-ಕ್ಯೂ ಹೈಲ್ಯಾಂಡ್ ಎಂಬ ಪಾರ್ಕಿನ ಇಬ್ಬರು ಅಧಿಕಾರಿಗಳು ತಾವೇ ಮಾಸ್ಕ್ ಧರಿಸಿ ಫ್ಯೂಜಿಯಾಮಾ ಎಂಬ ದೈತ್ಯ ಕೋಸ್ಟರನ್ನು ಹತ್ತಿದರು. 79 ಮೀಟರ್ ಎತ್ತರದಿಂದ ಬೀಳುವಾಗಲೂ ಇಬ್ಬರೂ ಪಾಸ್‌ಪೋರ್ಟ್ ಫೋಟೋದ ಮುಖ ಹೊತ್ತು ಕೂತಿದ್ದರು. ಒಬ್ಬರು ಕೂದಲು ಸರಿಮಾಡಿಕೊಂಡರು. ಕೊನೆಯಲ್ಲಿ ತೆರೆಯ ಮೇಲೆ ವಿನಂತಿ ಮೂಡಿತು: ದಯವಿಟ್ಟು ಹೃದಯದೊಳಗೇ ಕಿರುಚಿಕೊಳ್ಳಿ.

ಆ ವಿಡಿಯೋ ನೋಡಿ ಪ್ರಪಂಚವೆಲ್ಲ ನಕ್ಕಿತು. ನನಗೆ ಮಾತ್ರ ಆ ಇಬ್ಬರ ಮೇಲೆ ಬಂಧುಪ್ರೀತಿ ಹುಟ್ಟಿತು. ಬ್ಯಾಂಕಿನ ಪುಣ್ಯದಿಂದ ನಾನು ಜೀವಮಾನವಿಡೀ ಹೃದಯದೊಳಗೇ ಕಿರುಚಿಕೊಂಡು ಬಂದವನು. ಮಾರ್ಚ್ 31ರ ರಾತ್ರಿ ಹತ್ತು ಗಂಟೆಗೆ ಲೆಕ್ಕ ಕೂಡದೆ ಹೋದಾಗ, ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೇಳರಿಯದ ಊರು ಕಂಡಾಗ, ಮಗಳು ಫೋನು ಮಾಡಿ ಗ್ರೀನ್ ಕಾರ್ಡ್ ಬಂತಪ್ಪಾ ಎಂದಾಗ. ಎಂಥ ಇಳಿಜಾರಿನಲ್ಲೂ ನನ್ನ ಮುಖ ನೆಟ್ಟಗೆ ಇತ್ತು. ಇಂಥ ತರಬೇತಿಗೂ ಒಂದು ದಿನ ಬೆಲೆ ಬರುತ್ತದೆಂದು ಯಾರು ಕಂಡಿದ್ದರು! 2021ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕುಗಳ ಸಂಘವೂ ಪುನರಾರಂಭದ ಯೋಜನೆಯಲ್ಲಿ, ಕೂಗಾಟದಿಂದ ಆಗುವ ಹಾನಿಯನ್ನು ಮಾಸ್ಕಿನಿಂದಲೋ ಆಸನ ಬದಲಿಸಿಯೋ ತಗ್ಗಿಸುತ್ತೇವೆ ಎಂದು ಬರೆದುಕೊಟ್ಟಿತು. ಜಪಾನಿನಲ್ಲಿ ಕಿರುಚದಿರುವುದು ಸಭ್ಯತೆ. ಅಮೆರಿಕದವರಿಗೆ ಹೃದಯದೊಳಗೆ ಕಿರುಚಿಕೊಳ್ಳಿ ಎಂದರೆ ವಕೀಲರನ್ನು ಕರೆಯುತ್ತಾರೆ.

ಈ ನಿಯಮಗಳನ್ನೆಲ್ಲ ಓದುತ್ತ ಓದುತ್ತ ನನಗೆ ಒಂದು ವಿಷಯ ಗಟ್ಟಿಯಾಯಿತು. ಥೀಮ್ ಪಾರ್ಕಿನಲ್ಲಿ ಮಾರಾಟಕ್ಕಿರುವುದು ಯಂತ್ರವಲ್ಲ, ಗುರುತಿಲ್ಲದ ಜನ. ನಮ್ಮ ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನವನ್ನು ನೆನೆಸಿಕೊಳ್ಳಿ. ಅಲ್ಲಿ ವಸ್ತು ನೋಡಲು ಹೋದವರನ್ನು ನಾನು ಕಂಡಿಲ್ಲ. ಇಲಾಖೆಗಳ ಮಳಿಗೆಯ ಮುಂದೆ ಯಾರೂ ನಿಲ್ಲುವುದಿಲ್ಲ. ಹೋಗುವುದು ಮೆಣಸಿನಕಾಯಿ ಬಜ್ಜಿಗೆ, ತಟ್ಟೆಯಷ್ಟಗಲದ ಹಪ್ಪಳಕ್ಕೆ, ಕಿರ್ರೆನ್ನುವ ಜಯಂಟ್ ವೀಲಿಗೆ, ಬೇರೆಯವರ ಬೆವರು ತಾಗಿಸಿಕೊಂಡು ಬರುವುದಕ್ಕೆ. ಖಾಲಿ ಮೈದಾನದಲ್ಲಿ ಒಬ್ಬನನ್ನೇ ಜಯಂಟ್ ವೀಲಿನಲ್ಲಿ ಕೂರಿಸಿ ತಿರುಗಿಸಿದರೆ ಅದು ಶಿಕ್ಷೆ. ಅನಹೈಮ್‌ನ ಕಥೆಯೂ ಬೇರೆಯಲ್ಲ. 1955ರ ಮೊದಲ ದಿನ ನಕಲಿ ಟಿಕೆಟ್ ಹಿಡಿದು ಸಾವಿರಾರು ಮಂದಿ ನುಗ್ಗಿದರಂತೆ. ಪ್ಲಂಬರುಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ಕೊಳಾಯಿ ಬೇಕೋ ಶೌಚಾಲಯ ಬೇಕೋ ಎಂಬ ಆಯ್ಕೆ ಬಂದು ವಾಲ್ಟ್ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡಿದ್ದ. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಡು ಹೂತುಹೋಯಿತು. ಅಂಥ ನೂಕುನುಗ್ಗಲಿನಲ್ಲಿ ಹುಟ್ಟಿದ ಜಾಗಕ್ಕೆ ಕೊರೊನಾ ಕಾಲದಲ್ಲಿ ಆರಡಿ ಅಂತರ.

2020ರ ದಸರಾವನ್ನು ನಾವು ಅರ್ವೈನ್‌ನಲ್ಲಿ ಅಪರಾತ್ರಿ ಎದ್ದು ಫೋನಿನಲ್ಲಿ ನೋಡಿದೆವು. ಜಂಬೂ ಸವಾರಿ ಅರಮನೆಯ ಅಂಗಳ ದಾಟಲಿಲ್ಲ. ನೋಡಲು ಬಿಟ್ಟದ್ದು 300 ಜನರನ್ನು. ಅಭಿಮನ್ಯು ಎಂಬ ಆನೆ ಮೊದಲ ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿದ್ದ. ಬನ್ನಿಮಂಟಪದವರೆಗೆ ನಡೆಯಬೇಕಾದವನು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೆರವಣಿಗೆ ಮುಗಿಯಿತು. “ಪಾಪ, ಅದಕ್ಕೆ ಏನನ್ನಿಸಿರಬೇಕು,” ಎಂದಳು ಹೆಂಡತಿ. ಸಯ್ಯಾಜಿರಾವ್ ರಸ್ತೆಯ ಕಟ್ಟಡಗಳ ಮೇಲೆ, ಮರದ ಕೊಂಬೆಯ ಮೇಲೆ ಜೋತುಬಿದ್ದ ಜನರಿಲ್ಲದೆ ಅಂಬಾರಿ ಹೊರುವುದು ಆನೆಗೂ ಬರೀ ಭಾರವೇ ಇರಬೇಕು.

2021ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಪೂರ್ತಿ ಅಲ್ಲ, ಅದರ ಪಾರ್ಕಿಂಗ್ ಜಾಗ ಮಾತ್ರ. ಟಾಯ್ ಸ್ಟೋರಿ ಹೆಸರಿನ ಆ ವಿಶಾಲ ಬಯಲಿನಲ್ಲಿ ಡೇರೆ ಹಾಕಿ ಆರೆಂಜ್ ಕೌಂಟಿಯವರು ತಮ್ಮ ಮೊದಲ ಬೃಹತ್ ಲಸಿಕಾ ಕೇಂದ್ರವನ್ನು ಶುರುಮಾಡಿದರು. 65 ದಾಟಿದವರಿಗೆಲ್ಲ ಆಹ್ವಾನ. ಮಕ್ಕಳ ಲೋಕದ ಹೆಬ್ಬಾಗಿಲಿಗೆ ಮೊದಲು ಮುದುಕರನ್ನು ಕರೆದ ವಿಧಿಯ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು. ಕೌಂಟಿಯಲ್ಲಿ ವಾಸವಿದ್ದರೆ ಸಾಕು ಎಂದರು. ಮಗಳು ಮಧ್ಯರಾತ್ರಿಯವರೆಗೆ ಮೊಬೈಲು ಒತ್ತಿ ಒತ್ತಿ ನಮ್ಮಿಬ್ಬರಿಗೂ ಒಂದೊಂದು ವೇಳೆ ಗಿಟ್ಟಿಸಿದಳು. ಅಷ್ಟರಲ್ಲಿ ಸಾಂಟಾ ಆನಾ ಗಾಳಿ ಬೀಸಿತು. ಅದು ಮರುಭೂಮಿಯ ಕಡೆಯಿಂದ ಬರುವ ಒಣ ಗಾಳಿ, ಬಂದರೆ ಹೆಂಚು ಹಾರಿಸುವಂಥದ್ದು. ಡೇರೆಗಳು ನಿಲ್ಲವೆಂದು ಕೇಂದ್ರವನ್ನು ಮುಚ್ಚಿದರು. ಡಿಸ್ನಿಲ್ಯಾಂಡ್ ಮತ್ತೆ ಮುಚ್ಚಿತು ಎಂದು ಮೊಮ್ಮಗಳು ಫ್ರಿಜ್ಜಿನ ಪಟ್ಟಿಯಲ್ಲಿ ಗುರುತು ಹಾಕಿದಳು.

ಗಾಳಿ ಇಳಿದ ಮೇಲೆ ಹೋದೆವು. ಸರದಿ ನಿಲ್ಲಿಸುವ ವಿದ್ಯೆಯಲ್ಲಿ ಆ ನೆಲಕ್ಕೆ ಅರವತ್ತೈದು ವರ್ಷದ ಅನುಭವ. ಸಾಲು ಹಾವಿನ ಹಾಗೆ ಹೊರಳುತ್ತಿದ್ದರೂ ನಿಂತವರಿಗೆ ನಿಂತಿದ್ದೇವೆ ಅನ್ನಿಸುವುದಿಲ್ಲ. ವಾಕರ್ ಹಿಡಿದವರು, ಗಾಲಿಕುರ್ಚಿಯವರು, ವಿಯೆಟ್ನಾಮಿನ ಅಜ್ಜಿಯರು, ಮೆಕ್ಸಿಕೋದ ತಾತಂದಿರು, ಮಂಕಿ ಕ್ಯಾಪ್ ಹಾಕಿದ ಒಬ್ಬ ಪಂಜಾಬಿ. ಒಬ್ಬಾಕೆ ಮಾತ್ರ ತಲೆಗೆ ಮಿಕ್ಕಿಯ ಕಿವಿ ಸಿಕ್ಕಿಸಿಕೊಂಡು ಬಂದಿದ್ದಳು, ಎಂಬತ್ತರ ಹತ್ತಿರದವಳು. ನಾಚಿಕೆಯ ಲವಲೇಶವಿಲ್ಲ. ಸೂಜಿ ಚುಚ್ಚಿದ ಮೇಲೆ ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಿಸಿದರು. ಎಷ್ಟೋ ತಿಂಗಳ ಮೇಲೆ ಅಷ್ಟೊಂದು ಅಪರಿಚಿತರನ್ನು ಒಟ್ಟಿಗೆ ಕಂಡಿದ್ದೆ. ಎಲ್ಲರೂ ಆರಾರು ಅಡಿ ದೂರದಲ್ಲಿ ಕೂತು, ತೋಳು ಒತ್ತಿಕೊಂಡು, ಒಬ್ಬರನ್ನೊಬ್ಬರು ನೋಡಿ ಕಣ್ಣಿನಲ್ಲೇ ನಗುತ್ತಿದ್ದರು. ಅಷ್ಟು ಖುಷಿಯಾದ ಸರದಿಯಲ್ಲಿ ನಾನು ನಿಂತಿರಲಿಲ್ಲ. ಹೆಂಡತಿ ಮಾತ್ರ ಕೋಟೆ ಎಲ್ಲಿ ಎಂದು ಕತ್ತು ಚಾಚಿ ನೋಡಿದಳು. ಅಲ್ಲಿಗೆ ಕೋಟೆ ಕಾಣುವುದಿಲ್ಲ. ಕಂಬಕ್ಕೆ ಕಟ್ಟಿದ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾವು ವಾಕಿಂಗ್ ಮಾಡುವವರದ್ದೊಂದು ವಾಟ್ಸಾಪ್ ಗುಂಪಿದೆ. ಡಿಸ್ನಿಲ್ಯಾಂಡಿಗೆ ಹೋಗಿಬಂದೆವು ಎಂದು ಅದರಲ್ಲಿ ಹಾಕಿದೆ. ಯಾವ ರೈಡು ಹತ್ತಿದೆ ಎಂದು ಒಬ್ಬ ಗೆಳೆಯ ಕೇಳಿದ. ರೈಡಿಲ್ಲ, ತೋಳು ನೋವು ಮಾತ್ರ ಎಂದೆ. ಅವನು ಅದಕ್ಕೆ ನಗುವ ಮುಖಗಳ ಸಾಲನ್ನೇ ಕಳಿಸಿದ. ಭಾರತದಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದದ್ದು ಮಾರ್ಚ್ 1ಕ್ಕೆ. ಅಲ್ಲಿಯವರೆಗೆ ಗುಂಪಿನಲ್ಲಿ ನನಗೊಂದು ವಿಶೇಷ ಸ್ಥಾನವಿತ್ತು.

ಮಾರ್ಚ್ ಬಂತು. ರಾಜ್ಯದ ಬಡ ಬಡಾವಣೆಗಳಲ್ಲಿ 20 ಲಕ್ಷ ಡೋಸ್ ಮುಗಿದರೆ ಬಣ್ಣದ ನಿಯಮ ಸಡಿಲಿಸುತ್ತೇವೆ ಎಂದಿತು ಸರ್ಕಾರ. ಅದು ಆ ತಿಂಗಳ ಮಧ್ಯದೊಳಗೇ ಮುಗಿಯಿತು. ಥೀಮ್ ಪಾರ್ಕುಗಳು ಇನ್ನು ಹಳದಿಗೆ ಕಾಯಬೇಕಿಲ್ಲ, ಏಪ್ರಿಲ್ 1ರಿಂದ ಕೆಂಪಿನಲ್ಲೇ ತೆರೆಯಬಹುದು: ಕೆಂಪಿಗೆ ಶೇಕಡಾ 15 ಜನ, ಕಿತ್ತಲೆಗೆ 25, ಹಳದಿಗೆ 35. ಖುಷಿಯನ್ನು ಶೇಕಡಾವಾರು ಹಂಚುವ ಈ ಪರಿ ಬ್ಯಾಂಕಿನವನಿಗೆ ಹಿಡಿಸಿತು. ಅದೇ ಹೊತ್ತಿಗೆ ಕಂಪನಿಯವರು ರೈಡುಗಳನ್ನು ನಿಲ್ಲಿಸಿಯೇ ಪಕ್ಕದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ ತಿಂಡಿ ಮೇಳ ಇಟ್ಟರು. ಪ್ರವೇಶಕ್ಕೆ 75 ಡಾಲರ್. ನಮ್ಮ ಲೆಕ್ಕದಲ್ಲಿ ಐದೂವರೆ ಸಾವಿರ ರೂಪಾಯಿ ಕೊಟ್ಟು ನಿಂತ ಯಂತ್ರಗಳ ನೆರಳಿನಲ್ಲಿ ಅಡ್ಡಾಡಿ, ಕಡ್ಡಿಗೆ ಸಿಕ್ಕಿಸಿದ ಕಾರ್ನ್ ಡಾಗ್ ತಿಂದು ಬರುವುದು. ಟಿಕೆಟುಗಳು ಖರ್ಚಾದವು! ಬಜ್ಜಿಗಾಗಿ ವಸ್ತುಪ್ರದರ್ಶನಕ್ಕೆ ಹೋಗುವವನು ಇದನ್ನು ಆಡಿಕೊಳ್ಳುವಂತಿಲ್ಲ. ಆಡಿಕೊಳ್ಳಲೂ ಇಲ್ಲ.

ಆರೆಂಜ್ ಕೌಂಟಿ ಕೊನೆಗೂ ಆರೆಂಜ್ ಬಣ್ಣಕ್ಕೆ ಬಂತು. ಏಪ್ರಿಲ್ 30ಕ್ಕೆ ಮುಹೂರ್ತ ಇಟ್ಟರು. ಷರತ್ತು ಒಂದೇ: ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಮಾತ್ರ. ಗುರುತಿನ ಚೀಟಿ ಕೇಳಬಹುದು. ನನ್ನ ಬಳಿ ಇದ್ದದ್ದು ಸರಸ್ವತಿಪುರಂ ವಿಳಾಸದ ಆಧಾರ್ ಕಾರ್ಡು ಮತ್ತು ವಿಸ್ತರಣೆಗೆ ಬಾಯಿಬಿಟ್ಟುಕೊಂಡಿದ್ದ ಪಾಸ್‌ಪೋರ್ಟು. ಅದೇ ಆವರಣದ ಆಚೆ ಸೂಜಿಗೆ ನಾನು ಸ್ಥಳೀಯ, ಈಚೆ ಉಯ್ಯಾಲೆಗೆ ಪರದೇಶಿ. ಮಗಳು, ಅಳಿಯ, ಮೊಮ್ಮಗಳು ಮೂವರೇ ಹೋಗಿಬರಲಿ ಎಂದೆ. ತಾತ ಇಲ್ಲದೆ ಬರುವುದಿಲ್ಲ ಎಂದು ಅವಳು ಹಟ ಹಿಡಿದಳು. ಪಟ್ಟಿಗೆ ಬಣ್ಣ ತುಂಬಿದವಳಿಗೆ ಆ ಹಕ್ಕು ಇತ್ತು.

ಆವತ್ತು ಬೆಳಿಗ್ಗೆ ಟಿವಿಯಲ್ಲಿ ನೋಡಿದೆವು. ಮುಖ್ಯ ಬೀದಿಯ ಎರಡೂ ಕಡೆ ನೌಕರರು ಸಾಲಾಗಿ ನಿಂತು ಬಂದವರಿಗೆಲ್ಲ ಕೈಬೀಸುತ್ತಿದ್ದರು. ಬಂದವರು ಅಳುತ್ತಿದ್ದರು, ನಿಂತವರು ಕೂಡ. ಹೊಸದಾಗಿ ಸಿಂಗರಿಸಿದ ಸ್ನೋವೈಟ್ ರೈಡು ಅಂದೇ ತೆರೆಯಿತು. ಅದರ ಕೊನೆಯಲ್ಲಿ ರಾಜಕುಮಾರ ನಿದ್ದೆಯಲ್ಲಿರುವವಳಿಗೆ ಮುತ್ತು ಕೊಡುತ್ತಾನೆ, ಅವಳ ಒಪ್ಪಿಗೆಯಿಲ್ಲದೆ ಇದು ಸರಿಯೇ ಎಂದು ಮರುದಿನವೇ ಚರ್ಚೆ ಎದ್ದಿತು. ಅವನು ಮಾಸ್ಕ್ ಹಾಕಿದ್ದನೇ ಎಂದು ಯಾರೂ ಕೇಳಲಿಲ್ಲ.

ಅದೇ ದಿನ ಭಾರತದಲ್ಲಿ ಹೊಸ ಸೋಂಕಿತರ ಸಂಖ್ಯೆ 4 ಲಕ್ಷ ದಾಟಿತು. ಕರ್ನಾಟಕ ಮೂರು ದಿನದ ಹಿಂದಷ್ಟೇ ಮತ್ತೆ ಬಾಗಿಲು ಹಾಕಿಕೊಂಡಿತ್ತು. ಟಿವಿಯಲ್ಲಿ ಅನಹೈಮ್‌ನ ಬ್ಯಾಂಡು, ಕೈಯಲ್ಲಿದ್ದ ಫೋನಿನಲ್ಲಿ ಆಮ್ಲಜನಕದ ಸಿಲಿಂಡರ್ ಎಲ್ಲಿ ಸಿಗುತ್ತದೆಂದು ಕೇಳುವ ಸಂದೇಶಗಳು. ಬೆಳಗಾದರೆ ಕುಕ್ಕರಹಳ್ಳಿಯ ಗುಂಪಿನಲ್ಲಿ ಒಂದು ‘ಓಂ ಶಾಂತಿ’. ಯಾವ ರೈಡು ಎಂದು ಕೇಳಿದ್ದ ಗೆಳೆಯ ಮೇ ತಿಂಗಳಲ್ಲಿ ಹೋದ. ಅವನಿಗೆ ಎರಡನೇ ಡೋಸಿನ ಸರದಿ ಬಂದಿರಲಿಲ್ಲ. ಅವನು ಕಳಿಸಿದ್ದ ಆ ನಗುವ ಮುಖಗಳು ಫೋನಿನಲ್ಲಿ ಇನ್ನೂ ಇವೆ, ಮೇಲಕ್ಕೆ ಬಹಳ ದೂರ ಎಳೆಯಬೇಕು.

ಜೂನ್ 15ರಂದು ಕ್ಯಾಲಿಫೋರ್ನಿಯಾ ಬಣ್ಣದ ಪಟ್ಟಿಯನ್ನೇ ರದ್ದು ಮಾಡಿತು. ಹೊರಗಿನವರೂ ಬರಬಹುದು ಎಂದರು. ಹೋಗದೆ ಇರುವುದಕ್ಕೆ ನನ್ನಲ್ಲಿ ಕಾರಣಗಳಿದ್ದವು, ಆದರೆ ಎಂಟು ತುಂಬಿದವಳಿಗೆ ವಿವರಿಸಿ ಹೇಳುವಂಥವಲ್ಲ. ಹೋದೆವು. ಎರಡು ಡೋಸ್ ಆದವರಿಗೆ ಮಾಸ್ಕ್ ಬೇಡ, ಆಗದವರು ಒಳಾಂಗಣದಲ್ಲಿ ಹಾಕಬೇಕು. ಅವಳ ವಯಸ್ಸಿನ ಮಕ್ಕಳಿಗೆ ಆಗಿನ್ನೂ ಲಸಿಕೆಯೇ ಬಂದಿರಲಿಲ್ಲ. 12ರ ಕೆಳಗಿನವರಿಗೆ ಬಂದದ್ದು ನವೆಂಬರಿನಲ್ಲಿ. ಹೀಗೆ ಡಿಸ್ನಿಲ್ಯಾಂಡಿನಲ್ಲಿ ತಾತನ ಬೊಚ್ಚುಬಾಯಿ ಬಯಲಿಗೆ, ಮೊಮ್ಮಗಳ ನಗು ಬಟ್ಟೆಯ ಹಿಂದೆ. ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆಯಲ್ಲಿ 999 ದೆವ್ವಗಳಿವೆ, ಇನ್ನೊಂದಕ್ಕೆ ಜಾಗವೂ ಇದೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಶೇಕಡಾ 25ರ ಕಾಲದಲ್ಲೂ ಅಲ್ಲಿ ಪೂರ್ತಿ ಹಾಜರಿ ಇದ್ದಿರಬೇಕು.

ಬಿಗ್ ಥಂಡರ್ ಮೌಂಟನ್ ರೈಲಿಗೆ ಹತ್ತಿಸಿದಳು. ಹಳೇ ಗಣಿಯ ರೈಲು ಹುಚ್ಚೆದ್ದು ಓಡುವ ಕಲ್ಪನೆ, 1979ರಿಂದ ಓಡುತ್ತಿದೆ. ಮೊದಲಾಗಿದ್ದರೆ ನನಗೆ ಇಳಿಜಾರಿನ ಭಯ ಇರುತ್ತಿತ್ತು, ಬಿ.ಪಿ.ಯ ಭಯ ಇರುತ್ತಿತ್ತು. ಈಗ ಇದ್ದದ್ದು ಹಿಂದಿನ ಸೀಟಿನವನ ಬಾಯಿಯ ಭಯ. ಆರಡಿ ಆಜಾನುಬಾಹು ಆಸಾಮಿ, ರೈಲು ಹೊರಡುವ ಮೊದಲೇ ಬಾಯಿ ತೆರೆದುಕೊಂಡು ಕೂತಿದ್ದ. ಮೊದಲ ತಿರುವಿನಲ್ಲಿ ಅವನು ನನ್ನ ಕತ್ತಿನ ಮೇಲೇ ಅಬ್ಬರಿಸಿದ. ನಾನು ಉಸಿರು ಬಿಗಿಹಿಡಿದೆ. ರಾಜ್ಯ ಸರ್ಕಾರ ಪಟ್ಟಿ ರದ್ದು ಮಾಡಿದ್ದು ನನ್ನ ಮೂಗಿಗೆ ಇನ್ನೂ ಗೊತ್ತಾಗಿರಲಿಲ್ಲ. ಎರಡನೇ ತಿರುವಿನಲ್ಲೂ ಬಿಗಿಹಿಡಿದೆ. ಮೂರನೆಯದಕ್ಕೆ ದಮ್ಮು ಕಟ್ಟಿ, ಬೇರೆ ದಾರಿ ಕಾಣದೆ, ಬಾಯಿ ಬಿಟ್ಟೆ. ಬಿಟ್ಟದ್ದು ಉಸಿರಿಗಾಗಿ. ಹೊರಟದ್ದು ಮಾತ್ರ ಎಂಥ ಕೂಗೆಂದರೆ, ಇಳಿದ ಮೇಲೆ ಆ ಆಸಾಮಿಯೇ ಬಂದು ಏನಾದರೂ ತೊಂದರೆಯಾಯಿತೇ ಎಂದು ವಿಚಾರಿಸಿದ. ಇಲ್ಲ ಎಂದೆ. ಹೆಂಡತಿ ನೀರಿನ ಬಾಟಲಿ ಕೊಟ್ಟು ಸುಮ್ಮನೆ ನಿಂತಳು. ಅವಳಿಗೂ ನಾನು ಕೂಗಬಲ್ಲೆ ಎಂದು ಗೊತ್ತಿರಲಿಲ್ಲ.

ಮಿಕ್ಕಿ ಮೌಸ್ ಕಂಡದ್ದು ದೂರದಿಂದ. ಪ್ರವೇಶದ್ವಾರದ ರೈಲು ನಿಲ್ದಾಣದ ಮೇಲೆ ನಿಂತು ಕೈಬೀಸುತ್ತಿದ್ದ. ಹತ್ತಿರ ಹೋಗುವಂತಿಲ್ಲ, ಮುಟ್ಟುವಂತಿಲ್ಲ. ತಬ್ಬಿಕೊಳ್ಳುವುದು ಯಾವಾಗಿನಿಂದ ಎಂದು ಮೊಮ್ಮಗಳು ಅಲ್ಲಿದ್ದ ಹುಡುಗಿಯನ್ನು ಕೇಳಿದಳು. ಇನ್ನೂ ಹೇಳಿಲ್ಲ ಪುಟ್ಟಿ, ಎಂದಳು ಆಕೆ. ತಾತ ಕಂಡುಹಿಡಿಯುತ್ತಾರೆ ಬಿಡಿ ಎಂದು ಇವಳೇ ಸಮಾಧಾನ ಮಾಡಿದಳು. ಬಾಣಬಿರುಸು ನೋಡಲಾಗಲಿಲ್ಲ, ಅದು ಮತ್ತೆ ಶುರುವಾದದ್ದು ಜುಲೈ 4ಕ್ಕೆ.

ಆಗಸ್ಟಿನಲ್ಲಿ ಮೈಸೂರು ಸೇರಿದೆವು. ಬಂದವನು ಮೊದಲು ಮಾಡಿದ ಕೆಲಸ ಹಳೇ ಪತ್ರಿಕೆ ಗುಡ್ಡೆ ಹಾಕಿಕೊಂಡು ಸುತ್ತೋಲೆ ಹುಡುಕಿದ್ದು. ಕರ್ನಾಟಕ ಸರ್ಕಾರ ಜುಲೈ 25ರಿಂದ ಅಮ್ಯೂಸ್‌ಮೆಂಟ್ ಪಾರ್ಕುಗಳಿಗೆ ಅನುಮತಿ ಕೊಟ್ಟಿತ್ತು, ಆದರೆ ನೀರಿನ ಆಟಗಳಿಗೆ ಇಲ್ಲ. ಬಿಡದಿಯ ವಂಡರ್‌ಲಾ ಇರಲಿ, ನಮ್ಮೂರ ಜಿ.ಆರ್.ಎಸ್. ಇರಲಿ, ಅಲ್ಲಿಗೆ ಹೋಗುವವರು ಹೋಗುವುದೇ ಚಡ್ಡಿ ಒದ್ದೆ ಮಾಡಿಕೊಳ್ಳುವುದಕ್ಕೆ. ಒಣ ವಾಟರ್ ಪಾರ್ಕು! ಜಪಾನಿನವರನ್ನು ಕರೆಸಿದ್ದರೆ ಹೃದಯದೊಳಗೇ ತೋಯಿಸಿಕೊಳ್ಳಿ ಎಂದು ಬೋರ್ಡು ಬರೆದುಕೊಡುತ್ತಿದ್ದರು. ಕುಕ್ಕರಹಳ್ಳಿಯ ಏರಿಯ ಮೇಲೆ ಇದನ್ನು ಹೇಳಿ ನಗಿಸೋಣವೆಂದು ಹೋದರೆ ನಗುವವರ ಸಂಖ್ಯೆ ಕಡಿಮೆಯಾಗಿತ್ತು. ಉಳಿದವರು ನಕ್ಕರು.

ಅಪ್ಪುಗೆಯ ಸುತ್ತೋಲೆ ಹೊರಟದ್ದು ಮರುವರ್ಷ. 2022ರ ಏಪ್ರಿಲ್ 18ರಿಂದ ಡಿಸ್ನಿಯ ಪಾತ್ರಗಳನ್ನು ಮೊದಲಿನಂತೆ ತಬ್ಬಿಕೊಳ್ಳಬಹುದು ಎಂದು ಪೇಪರಿನಲ್ಲಿ ಓದಿ ಆ ಕ್ಷಣವೇ ಅರ್ವೈನ್‌ಗೆ ಫೋನು ಮಾಡಿದೆ. ಮೊಮ್ಮಗಳಿಗೆ ಒಂಬತ್ತು ತುಂಬಿತ್ತು. ಸುದ್ದಿಗೆ ಥ್ಯಾಂಕ್ಸ್ ಹೇಳಿ, ಮಿಕ್ಕಿಯನ್ನು ತಬ್ಬಿಕೊಳ್ಳುವುದು ಚಿಕ್ಕ ಮಕ್ಕಳ ಕೆಲಸ ತಾತ, ಎಂದಳು.